ಒಂದೇ ಸೀಟಿನ ಗಾಡಿ

ಕಳೆದ ಬೇಸಿಗೆ ಪೂರ್ತಿ ನಾನು ಒಂದು ಹಳೇ ಮೋಟಾರ್ ಸೈಕಲ್ಲನ್ನು ಕತ್ತರಿಸುತ್ತ ಕೂತಿದ್ದೆ. ಕತ್ತರಿಸಿದ್ದೇ ಹೆಚ್ಚು, ಜೋಡಿಸಿದ್ದು ಕಡಿಮೆ. ಮೊಬೈಲಿನಲ್ಲಿ ವಿಡಿಯೋ ಮಾಡಿ ಹಾಕುವವರು ಇಂಥ ಗಾಡಿಗೆ ಕೆಫೆ ರೇಸರ್ ಅನ್ನುತ್ತಾರೆ. ಪರದೇಶದಲ್ಲಿ ಒಂದು ಕಾಲಕ್ಕೆ ಹುಡುಗರು ಒಂದು ಕಾಫಿ ಅಂಗಡಿಯಿಂದ ಇನ್ನೊಂದು ಕಾಫಿ ಅಂಗಡಿಗೆ ಪೈಪೋಟಿಯಲ್ಲಿ ಗಾಡಿ ಬಿಡುತ್ತಿದ್ದರಂತೆ, ಅದಕ್ಕೇ ಆ ಹೆಸರು. ಗೋಕಾಕದಲ್ಲಿ ನಾನು ಹೋಗುವ ಕೆಫೆ ಯಾವುದು? ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿ. ಅಲ್ಲಿಗೆ ನಮ್ಮ ಮನೆಯಿಂದ ಚಪ್ಪಲಿ ಮೆಟ್ಟಿಕೊಂಡು ನಡೆದೇ ಹೋಗಬಹುದು. ಆದರೂ ನನಗೆ ಅಂಥದೇ ಗಾಡಿ ಬೇಕಾಗಿತ್ತು. ಯಾಕೆಂದರೆ ಅದಕ್ಕೆ ಒಂದೇ ಸೀಟು ಇರುತ್ತದೆ.

ಆ ಹಳೇ ಗಾಡಿ ಕೊಂಡದ್ದು ಅಕ್ಕನ ಸಲುವಾಗಿ. ಅಕ್ಕನಿಗೆ ಮೇಲವಂಕಿಯ ಸಾಲೆಯಲ್ಲಿ ಕಲಿಸುವ ಕೆಲಸ ಸಿಕ್ಕಾಗ ಬಸ್ಸಿನ ಹೊತ್ತು ಹೊಂದುತ್ತಿರಲಿಲ್ಲ. ಕೊಂಡಾಗಲೇ ಅದು ಒಬ್ಬರು ಓಡಿಸಿ ಬಿಟ್ಟ ಗಾಡಿ. ಉದ್ದನೆಯ ಸೀಟು, ದುಂಡನೆಯ ಹೆಡ್‌ಲೈಟು, ಎಡಬದಿಗೆ ಹೆಂಗಸರ ಸೀರೆ ಚಕ್ರಕ್ಕೆ ಸಿಗದ ಹಾಗೆ ಕಂಬಿಯ ಸೀರಿ ಗಾರ್ಡು. ದಿನಾ ಮುಂಜಾನೆ ಅವಳನ್ನು ಸಾಲೆಗೆ ಬಿಟ್ಟು ಬಂದು ನನ್ನ ಅಂಗಡಿ ತೆಗೆಯುತ್ತಿದ್ದೆ. ನನ್ನದು ಸುಟ್ಟ ನೀರೆತ್ತುವ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಅಂಗಡಿ. ಸಂಜೆ ಮತ್ತೆ ಹೋಗಿ ಕರೆತರುತ್ತಿದ್ದೆ. ಊರ ಹೊರಗಿನ ತಿರುವಿನಲ್ಲಿ ನಮ್ಮ ಗಾಡಿಯ ಸಪ್ಪಳ ಕೇಳಿದರೆ ಸಾಕು, ಸಾಲೆಯ ಮಕ್ಕಳು "ಅಕ್ಕೋರ ಗಾಡಿ ಬಂತು" ಅಂತ ಕೂಗುತ್ತಿದ್ದವಂತೆ. ನಾನು ಗೇಟಿಗೆ ಮುಟ್ಟುವುದರೊಳಗೆ ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿರುತ್ತಿದ್ದಳು.

ಅವಳು ಒಂದೇ ಕಡೆಗೆ ಕಾಲು ಬಿಟ್ಟು ಕೂಡುತ್ತಿದ್ದಳು. ಒಂದು ಕೈ ನನ್ನ ಹೆಗಲ ಮೇಲೆ, ಒಂದು ಕೈ ತೊಡೆಯ ಮೇಲಿನ ಚೀಲದ ಮೇಲೆ. ಹಾಗೆ ಕೂತವರಿಗೆ ಮುಂದಿನ ರಸ್ತೆ ಕಾಣುವುದಿಲ್ಲ, ಬದಿಯ ಹೊಲ ಕಾಣುತ್ತದೆ. ಮೊದಮೊದಲು ಒಮ್ಮೆ ನಾನು ಸುಮ್ಮನೆ ಹಂಪ್ ಹಾರಿಸಿದ್ದಕ್ಕೆ ಅವಳ ಊಟದ ಡಬ್ಬಿ ರಸ್ತೆಗೆ ಬಿದ್ದು ರೊಟ್ಟಿ-ಪಲ್ಯ ಮಣ್ಣುಪಾಲಾಯಿತು. ಅವತ್ತು ಬೈಸಿಕೊಂಡ ಮೇಲೆ ಪ್ರತಿ ಹಂಪಿಗೂ ಕುತ್ತಿಗೆ ಸ್ವಲ್ಪ ಎಡಕ್ಕೆ ತಿರುಗಿಸಿ "ಹಂಪ್ ಬಂತು, ಹಿಡಕೋ" ಅನ್ನುವುದು ರೂಢಿಯಾಯಿತು. ಅವಳು ಗಾಳಿಗೆ ಕೇಳಿಸಲಿ ಅಂತ ನನ್ನ ಕಿವಿಯ ಹತ್ತಿರ ಬಾಯಿ ತಂದು ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದಳು. ಸಾಲೆಯ ಸುದ್ದಿ, ಬಿಸಿಯೂಟದ ಸುದ್ದಿ, ಯಾರದೋ ಎಮ್ಮೆ ಕರು ಹಾಕಿದ ಸುದ್ದಿ. ನಾವಿಬ್ಬರು ಮಾತಾಡಿದ್ದೆಲ್ಲ ಗಾಡಿಯ ಮೇಲೆ. ಮನೆಯಲ್ಲಿ ಅವಳು ಅಡುಗೆ ಮನೆಯಲ್ಲಿ, ನಾನು ಅಂಗಳದಲ್ಲಿ.

ಅವ್ವ-ಅಪ್ಪ ಹೋದ ಮೇಲೆ ಇಬ್ಬರೂ ಮದುವೆಯಾಗದೆ ಉಳಿದೆವು. ಅವಳದು ಮೊದಲಾಗಲಿ ಅಂತ ನಾನು ತಡೆದೆ, ನನ್ನದಾಗಲಿ ಅಂತ ಅವಳು ತಡೆದಳು. ತಡೆಯುತ್ತ ತಡೆಯುತ್ತ ಇಬ್ಬರ ಕೂದಲೂ ಬೆಳ್ಳಗಾದವು. ಕೇಳುವವರು ಕೇಳುವುದನ್ನು ಬಿಟ್ಟರು, ನಮಗೂ ಅದು ಆರಾಮಾಯಿತು. ನನಗಂತೂ ಆಗಿತ್ತು.

ಹೋದ ವರ್ಷ ಚಳಿಗಾಲದಲ್ಲಿ ಒಂದು ಸಂಜೆ ಮೇಲವಂಕಿಯಿಂದ ಬರುವಾಗ ಅಕ್ಕ ಕಿವಿಯ ಹತ್ತಿರ ಬಂದು ಹೇಳಿದಳು, "ತಮ್ಮಾ, ನಾ ಮದಿವಿ ಆಗಬೇಕಂತ ಮಾಡೇನಿ."

ವರ ಹುಕ್ಕೇರಿಯವರು. ಹೆಂಡತಿ ತೀರಿಹೋದವರು, ಅವರೂ ಮಾಸ್ತರರು. ಶಿಕ್ಷಕರ ಯಾವುದೋ ತರಬೇತಿಯಲ್ಲಿ ಪರಿಚಯವಾಗಿತ್ತಂತೆ. ಇಷ್ಟನ್ನೂ ಅವಳು ಹಿಂದಿನಿಂದ ಹೇಳಿದಳು. ಅವಳ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ, ಕನ್ನಡಿಯಲ್ಲಿ ಅವಳ ಮೊಣಕೈ ಅಷ್ಟೇ ಕಾಣುತ್ತಿತ್ತು. ಅಷ್ಟರಲ್ಲಿ ಹಂಪ್ ಬಂತು. ನಾನು ಹೇಳಲಿಲ್ಲ. ಗಾಡಿ ಎಗರಿತು, ಅವಳು ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದಳು. ಸ್ವಲ್ಪ ದೂರ ಹೋದ ಮೇಲೆ "ಆಗು" ಅಂದೆ.

ಮದುವೆ ಸಣ್ಣದಾಗಿ ಆಯಿತು. ಅಕ್ಕನ ಗಂಡ ಬಹಳ ಒಳ್ಳೆಯ ಮನುಷ್ಯ. ತಪ್ಪು ತೆಗೆಯಲಿಕ್ಕೆ ಒಂದು ಸಂದೂ ಸಿಗದಷ್ಟು ಒಳ್ಳೆಯವರು, ಅದೇ ನನಗೆ ಸಿಟ್ಟು. ಕುಡಿಯುವವರೋ ಜಗಳಗಂಟರೋ ಆಗಿದ್ದರೆ ದಿನಾ ಬೈದುಕೊಂಡಾದರೂ ಹೊತ್ತು ಕಳೆಯಬಹುದಿತ್ತು. ಅಕ್ಕ ಆ ಕಡೆಗೆ ವರ್ಗ ಮಾಡಿಸಿಕೊಂಡು ಹೋದಳು. ಹೋಗುವಾಗ ಹಿಟ್ಟಿನ ಡಬ್ಬಿ, ಖಾರದ ಡಬ್ಬಿ ಎಲ್ಲಿವೆ ಅಂತ ನನಗೆ ತೋರಿಸಿ ಹೋದಳು, ನಾನು ಆ ಮನೆಯಲ್ಲಿ ಹುಟ್ಟಿದವನೇ ಅಲ್ಲ ಅನ್ನುವ ಹಾಗೆ.

ಆಮೇಲೆ ಶುರುವಾದದ್ದು ಬೇರೆಯೇ ತ್ರಾಸು. ಮೋಟಾರು ನೋಡಲಿಕ್ಕೆ ಕೌಜಲಗಿ, ಅಂಕಲಗಿ ಕಡೆಯ ಹೊಲಗಳಿಗೆ ಹೋಗುತ್ತಿರುತ್ತೇನೆ. ಹಂಪ್ ಬಂದ ಕೂಡಲೇ ನನ್ನ ಕುತ್ತಿಗೆ ತಾನೇ ಎಡಕ್ಕೆ ತಿರುಗುತ್ತಿತ್ತು, ಬಾಯಿ ತಾನೇ "ಹಂಪ್ ಬಂತು, ಹಿಡಕೋ" ಅನ್ನುತ್ತಿತ್ತು. ಒಮ್ಮೆ ಕಂಬಳಿ ಹೊದ್ದ ಕುರಿ ಕಾಯುವ ಮುದುಕರೊಬ್ಬರು ಕೈ ಮಾಡಿ ಹಿಂದೆ ಹತ್ತಿದ್ದರು. ನಾನು ಹಂಪ್ ಹಂಪಿಗೂ ಹೇಳಿದ್ದಕ್ಕೆ ಬೇಸತ್ತು, "ಕಾಣತೈತಿ ಬಿಡಪಾ, ನಾ ಏನ ಕುರುಡೇನು?" ಅಂದರು. ಅವತ್ತು ನಗೆ ಬಂತು. ಇನ್ನೊಂದು ಸಲ ಹಿಂದೆ ಯಾರೂ ಇರಲಿಲ್ಲ. ಅಂಕಲಗಿ ರಸ್ತೆಯಲ್ಲಿ ಹಾಗೆಯೇ ಅಂದೆ, ಅಂದವನು ಉತ್ತರಕ್ಕೆ ಕಾದೆ. ಕಾದದ್ದು ಗೊತ್ತಾದ ಮೇಲೆ ಗಾಡಿಯನ್ನು ಬದಿಗೆ ಹಚ್ಚಿ, ಕಬ್ಬಿನ ಹೊಲದ ಕಡೆ ಮುಖ ಮಾಡಿ ನಿಂತು, ಅತ್ತುಬಿಟ್ಟೆ. ಈ ವಯಸ್ಸಿನಲ್ಲಿ, ಹಾಡುಹಗಲಲ್ಲಿ. ದಾಟಿ ಹೋದವರು ನಾನು ಬೇರೆ ಕೆಲಸಕ್ಕೆ ನಿಂತಿದ್ದೇನೆ ಅಂದುಕೊಂಡು ಮುಖ ತಿರುಗಿಸಿಕೊಂಡು ಹೋದರು.

ತಪ್ಪೆಲ್ಲ ಆ ಹಿಂದಿನ ಸೀಟಿನದು ಅಂತ ನನಗೆ ಖಾತ್ರಿಯಾಯಿತು. ಅದು ಇದ್ದರಲ್ಲವೇ ಖಾಲಿ ಇರುವುದು?

ಹೀಗಾಗಿ ಕೆಫೆ ರೇಸರ್. ವಿಡಿಯೋದ ಹುಡುಗರು ಹೇಳುವ ಕಾರಣ ಬೇರೆ, ವೇಗ, ಚಂದ, ಹಗುರ. ನನ್ನ ಕಾರಣವನ್ನು ನಾನು ಯಾರಿಗೂ ಹೇಳಲಿಲ್ಲ. ಅಂಗಳದಲ್ಲಿ ಗಾಡಿ ನಿಲ್ಲಿಸಿ ಮೊದಲು ಸೀಟು ಬಿಚ್ಚಿದೆ. ಬದಿಯ ಪ್ಲೇಟು, ಹಿಂದಿನ ದೊಡ್ಡ ಮಡ್‌ಗಾರ್ಡು, ಚೀಲ ತೂಗುಹಾಕುವ ಕೊಂಡಿ, ಹಿಂದೆ ಕೂತವರು ಕಾಲಿಡುವ ಪೆಗ್ಗು ಎಲ್ಲ ತೆಗೆದೆ. ಎತ್ತರದ ಹ್ಯಾಂಡಲ್ ತೆಗೆದು ಎರಡು ತುಂಡಿನ ಗಿಡ್ಡ ಹ್ಯಾಂಡಲ್ ಹಾಕಿದೆ, ಬಗ್ಗಿ ಹಿಡಿಯಬೇಕು. ವೈರಿಂಗ್ ಪೂರ್ತಿ ಕಿತ್ತು ಹೊಸದಾಗಿ ಎಳೆದೆ. ಬ್ಯಾಟರಿಯನ್ನು ಸೀಟಿನ ಕೆಳಗಿನ ಸಣ್ಣ ಡಬ್ಬಿಯಲ್ಲಿ ಅಡಗಿಸಿದೆ. ಟ್ಯಾಂಕಿನ ಬಣ್ಣ ಕೆರೆದಾಗ ಕೆಳಗೆ ಇನ್ನೊಂದು ಬಣ್ಣ ಬಂತು, ಅದರ ಕೆಳಗೆ ಇನ್ನೊಂದು. ಬೆರಳು ಕಪ್ಪಾಗಿ, ಬೆನ್ನು ನೋಯುತ್ತ ಊಟಕ್ಕೆ ಕೂತರೆ ಮನೆಯ ಸದ್ದಿಲ್ಲದಿರುವುದು ಅಷ್ಟಾಗಿ ಕೇಳುತ್ತಿರಲಿಲ್ಲ. ಅದೊಂದು ಉಪಕಾರ ಆ ಗಾಡಿ ಮಾಡಿತು.

ಸೀರಿ ಗಾರ್ಡಿನ ಬೋಲ್ಟು ಮಾತ್ರ ತುಕ್ಕು ಹಿಡಿದು ಅಲುಗಲಿಲ್ಲ. ನಾಳೆ ನೋಡಿದರಾಯಿತು ಅಂತ ಬಿಟ್ಟೆ. ಕಬ್ಬಿಣ ಕತ್ತರಿಸುವ ಗ್ರೈಂಡರ್ ಕೈಯಲ್ಲಿದ್ದವನಿಗೆ ಒಂದು ಬೋಲ್ಟು ಯಾವ ಲೆಕ್ಕ. ಆದರೂ ನಾಳೆ ನಾಳೆ ಅನ್ನುತ್ತ ಹೋದೆ.

ಚಾಸಿ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟು, ಕತ್ತರಿಸುವ ಕೆಲಸ ನನ್ನಿಂದ ಆಗುವಂಥದ್ದಲ್ಲ. ಮೂಡಲಗಿಯಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಕಟ್ಟುವ ವೆಲ್ಡಿಂಗಿನವರೊಬ್ಬರು ನನ್ನ ಹಳೆಯ ಗಿರಾಕಿ. ಗಾಡಿಯ ಅಸ್ಥಿಪಂಜರವನ್ನು ಟೆಂಪೋದಲ್ಲಿ ಹಾಕಿಕೊಂಡು ಅವರಲ್ಲಿಗೆ ಒಯ್ದೆ. ಮೊಬೈಲಿನಲ್ಲಿ ಫೋಟೋ ತೋರಿಸಿ, ಇಲ್ಲಿಂದ ಹಿಂದಿನದೆಲ್ಲ ತೆಗೆದು ದುಂಡಗೆ ಪೈಪು ಬಗ್ಗಿಸಿ ಕೂಡಿಸಿರಿ ಅಂದೆ. ಅವರು ಸೀಮೆಸುಣ್ಣದಿಂದ ಗೆರೆ ಹಾಕಿ, ಗೆರೆ ನೋಡಿ, ನನ್ನನ್ನು ನೋಡಿದರು.

"ಹಿಂದ ಯಾರ ಕುಂದರ್ತಾರ್ರಿ?"

"ಯಾರೂ ಇಲ್ಲ."

"ಯಾರೂ ಇಲ್ಲಂದ್ರ ಹೆಂಗ್ರಿ? ದಾರ್ಯಾಗ ಯಾರರೆ ಕೈ ಮಾಡ್ತಾರ, ಮನ್ಯಾಗ ಯಾರಿಗರೆ ಆರಾಮ ಇರೂದಿಲ್ಲ."

"ಮನ್ಯಾಗೂ ಯಾರಿಲ್ಲ. ನೀವ ಕತ್ತರಸ್ರಿ."

ಅವರು ಮುಖಕ್ಕೆ ಕಪ್ಪು ಗಾಜಿನ ಮುಸುಕು ಎಳೆದುಕೊಂಡರು. ಕಿಡಿ ಹಾರುವಾಗ ನಾನು ಆ ಕಡೆ ನೋಡದೆ, ಅವರ ಅಂಗಳದಲ್ಲಿ ಬಣ್ಣಕ್ಕೆ ಕಾಯುತ್ತಿದ್ದ ಟ್ರೇಲರಿನ ಕಡೆ ನೋಡುತ್ತ ನಿಂತೆ. ಕತ್ತರಿಸಿದ ತುಂಡು ನೆಲಕ್ಕೆ ಬಿದ್ದಾಗ ಠಣ್ ಅಂತು. ಹಗುರಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಮೂಡಲಗಿಯ ಬಾಜಾರದಲ್ಲೇ ಸೀಟು ಹೊಲಿಯುವವರಲ್ಲಿ ಒಬ್ಬನಿಗಷ್ಟೇ ಸಾಲುವ ಸೀಟು ಹೊಲಿಸಿದೆ. ಹಿಂದೆ ಗೂನಿನಂಥ ಉಬ್ಬು, ಅದರ ಮೇಲೆ ಯಾರೂ ಕೂಡಲಿಕ್ಕಾಗದು.

ಆಷಾಢದಲ್ಲಿ ಗಾಡಿ ತಯಾರಾಯಿತು. ಕಪ್ಪು ಬಣ್ಣ, ಗಿಡ್ಡ ಸೈಲೆನ್ಸರ್. ಹೊಗೆಯ ಕೊಳವೆಗೆ ಪಟ್ಟಿ ಸುತ್ತಿದ್ದೆ. ಕಿಕ್ ಹೊಡೆದರೆ ಮೊದಲಿನ ಟಕಟಕ ಹೋಗಿ ಗುಡುಗಿನ ಹಾಗೆ ಸಪ್ಪಳ. ಚಹಾದಂಗಡಿಯವರು, "ಏನ್ರಿ, ಅರ್ಧಾ ಗಾಡಿ ಮಾರಿಬಿಟ್ರೇನು?" ಅಂದರು. ಇನ್ನೊಬ್ಬರು, "ಹೊಂಡಾ ಬಿದ್ರ ಹಲ್ಲ ಹ್ಯಾಂಡಲ್ ಮ್ಯಾಲ ಉದರ್ತಾವು ನೋಡ್ರಿ," ಅಂದರು. ನಾನೂ ನಕ್ಕೆ. ಖರೆ ಹೇಳಬೇಕೆಂದರೆ ಗಾಡಿ ಬಹಳ ಚಂದ ಆಗಿತ್ತು. ನನ್ನ ಕೈಯಿಂದ ಅಷ್ಟು ಚಂದದ ವಸ್ತು ಅದಕ್ಕೂ ಮುಂಚೆ ಆಗಿರಲಿಲ್ಲ. ಅದನ್ನು ತೋರಿಸಬೇಕಾದವಳು ಊರಲ್ಲಿರಲಿಲ್ಲ, ಹೋಗಬೇಕಾದ ಊರೂ ಒಂದಿರಲಿಲ್ಲ. ಸಂಜೆ ಸಾಲೆ ಬಿಡುವ ಹೊತ್ತಿಗೆ ಸುಮ್ಮನೆ ಮೇಲವಂಕಿ ಕಡೆ ಹೋಗಿ ತಿರುವಿನಿಂದಲೇ ವಾಪಸು ಬರುತ್ತಿದ್ದೆ. ಕುರಿ ಕಾಯುವ ಮುದುಕರು ದೂರದಿಂದ ಕೈ ಎತ್ತಿ, ಹತ್ತಿರ ಬಂದ ಮೇಲೆ ಸೀಟು ನೋಡಿ ಕೈ ಇಳಿಸಿದರು. ಈಗ ಯಾರೂ ಹತ್ತುವುದಿಲ್ಲ. ಹಂಪ್ ಬಂದಾಗ ಬಾಯಿ ಮಾತ್ರ ಮೊದಲಿನ ಹಾಗೆಯೇ ಅನ್ನುತ್ತಿತ್ತು. ಕತ್ತರಿಸಬೇಕಾದದ್ದು ಎಲ್ಲಿತ್ತೋ, ಕತ್ತರಿಸಿದ್ದು ಎಲ್ಲಿಯೋ.

ಅಕ್ಕ ದಿನಾ ಸಂಜೆ ಫೋನ್ ಮಾಡುತ್ತಿದ್ದಳು. "ಉಂಡ್ಯಾ?" "ಉಂಡೆ." "ಏನ ಮಾಡಾಕತ್ತೀ?" "ಏನಿಲ್ಲ." ಗಾಡಿಯ ಸುದ್ದಿ ನಾನು ಎತ್ತಲಿಲ್ಲ. ಅವಳು "ಗಾಡಿ ಹೆಂಗೈತಿ?" ಅಂತ ಕೇಳಿದಾಗ "ಐತಿ" ಅಂದೆ.

ಶ್ರಾವಣ ಬಂತು. ಪಂಚಮಿಯ ಹಿಂದಿನ ದಿನ ನಮ್ಮಲ್ಲಿ ರೊಟ್ಟಿ ಹಬ್ಬ. ತೆಳ್ಳಗಿನ ಖಡಕ್ ರೊಟ್ಟಿ, ನಾಲ್ಕು ಥರದ ಪಲ್ಯ ಮಾಡಿ ಅವರ ಮನೆಯಿಂದ ಇವರ ಮನೆಗೆ, ಇವರ ಮನೆಯಿಂದ ಅವರ ಮನೆಗೆ ಹಂಚುತ್ತಾರೆ. ಮುಂಜಾನೆ ಎದುರು ಮನೆಯ ಹಿರಿಯಾಕೆ, ನಾವು ಕಾಕು ಅನ್ನುವವರು, ಗಂಗಾಳ ತುಂಬ ರೊಟ್ಟಿ ತಂದುಕೊಟ್ಟು, ಮನೆಯೊಳಗೆ ಇಣುಕಿ ನೋಡಿ ಕೇಳಿದರು.

"ಯಾಕೋ, ಅಕ್ಕ ಇನ್ನೂ ಬಂದಿಲ್ಲ? ನೀ ಕರಿಯಾಕ ಹೋಗಿಲ್ಲೇನು?"

"ಎಲ್ಲಿಗೆ?"

"ಎಲ್ಲಿಗೆ ಅಂತಾನ ನೋಡು! ಮದಿವ್ಯಾದ ಮ್ಯಾಲ ಮೊದಲನೇ ಪಂಚಮಿ. ತಮ್ಮ ಬರಲಿಲ್ಲಂದ್ರ ಆ ಮನ್ಯಾಗ ಆಕಿ ಮುಖಾ ಎಲ್ಲಿ ಇಟಗೋಬೇಕು?"

ನಾನು ಗಂಗಾಳ ಹಿಡಿದುಕೊಂಡು ನಿಂತೇ ಇದ್ದೆ. ಪಂಚಮಿಗೆ ಕೊಟ್ಟ ಮನೆಯಿಂದ ಹೆಣ್ಣುಮಕ್ಕಳನ್ನು ಅಣ್ಣನೋ ತಮ್ಮನೋ ಹೋಗಿ ತವರಿಗೆ ಕರೆತರಬೇಕು. ಇದು ಗೊತ್ತಿಲ್ಲದವರು ಈ ನಾಡಿನಲ್ಲಿ ಇಲ್ಲ. ನಮ್ಮ ಓಣಿಗೆ ಪ್ರತಿ ವರ್ಷ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಅಕ್ಕ-ತಂಗಿಯರು ಬಂದಿಳಿಯುವುದನ್ನು ಅಕ್ಕ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಶೇಂಗಾ ಉಂಡಿ ಕಟ್ಟುತ್ತ, "ನನ್ನ ತವರಮನ್ಯಾಗ ನಾನ ಅದೀನಿ, ನನ್ನ ಯಾರ ಕರೀಬೇಕು?" ಅಂತ ನಗುತ್ತಿದ್ದಳು. ನನಗೆ ಕರೆತರಬೇಕಾದ ಅಕ್ಕ ಇರಲೇ ಇಲ್ಲ, ಮನೆಯಲ್ಲೇ ಇದ್ದಳಲ್ಲ. ಹೀಗಾಗಿ ಊರಿಗೆಲ್ಲ ಗೊತ್ತಿದ್ದದ್ದು ನನ್ನ ತಲೆಗೇ ಹೋಗಿರಲಿಲ್ಲ. ನಿನ್ನೆ ಸಂಜೆಯ ಫೋನಿನಲ್ಲೂ ಅವಳು "ಉಂಡ್ಯಾ?" ಅಂತ ಕೇಳಿ, ನಾನು ಏನೋ ಹೇಳಲಿ ಅಂತ ಫೋನ್ ಇಡದೆ ಕಾದಿದ್ದಳು. ಬಾ ಅಂತ ಹೇಳಿ ಕರೆಸಿಕೊಳ್ಳುವುದು ಪದ್ಧತಿ ಅಲ್ಲ. ತಮ್ಮ ತಾನೇ ಬರಬೇಕು.

ಬಾಜಾರದಲ್ಲಿ ಕರದಂಟು ಕಟ್ಟಿಸಿಕೊಂಡು, ಗಾಡಿಗೆ ಕಿಕ್ ಹೊಡೆದು ಹೊರಟೆ. ಬೇರೆ ಏನೂ ಯೋಚಿಸಲಿಲ್ಲ. ಲೋಳಸೂರ ಸೇತುವೆಯ ಮೇಲೆ ಮೊದಲನೆಯ ಜೋಡಿ ಎದುರಾಯಿತು. ಮುಂದೆ ಅಣ್ಣ, ಹಿಂದೆ ತಂಗಿ, ನಡುವೆ ಚೀಲ. ಆಗ ನನಗೆ ನನ್ನ ಗಾಡಿ ನೆನಪಾಯಿತು. ಅದರ ಮೇಲೇ ಕೂತಿದ್ದರೂ ಆಗ ನೆನಪಾಯಿತು. ಕೆಳಗೆ ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ತಿರುಗಿ ಹೋಗಿ ಯಾರದಾದರೂ ಗಾಡಿ ಇಸಿದುಕೊಳ್ಳೋಣ ಅಂದರೆ ಅವತ್ತು ಯಾರ ಗಾಡಿಯೂ ಮನೆಯಲ್ಲಿರುವ ದಿನವಲ್ಲ. ಘಟಪ್ರಭಾ ಊರು ದಾಟಿ ಹುಕ್ಕೇರಿಯವರೆಗೂ ಎದುರಿಗೆ ಅವರೇ, ಹೊಸ ಸೀರೆಯವರು, ಕೂಸು ಎತ್ತಿಕೊಂಡವರು, ಮಳೆಗೆ ಪ್ಲಾಸ್ಟಿಕ್ ಹೊದ್ದವರು, ಎಲ್ಲರೂ ಒಬ್ಬರ ಹಿಂದೆ ಒಬ್ಬರು ಕೂತು ಮಾತಾಡುತ್ತ ಬರುತ್ತಿದ್ದರು. ರಸ್ತೆಯಲ್ಲಿ ಒಬ್ಬನೇ ಇದ್ದವನು ನಾನು. ಗಾಡಿಯನ್ನು ಅಷ್ಟು ಚಂದ ಮಾಡಿದ್ದಕ್ಕೆ ನನ್ನ ಕೈಗಳನ್ನೇ ಬೈದುಕೊಂಡೆ.

ಅಕ್ಕನ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಅವಳ ನಾದಿನಿ ಹೊರಗೆ ಬಂದರು.

"ಅಯ್ಯ, ನೀವೇನ್ರಿ! ನಿಮ್ಮಕ್ಕ ಮುಂಜಾನಿ ಜಳಕಾ ಮಾಡಿದಾಗಿಂದ ಚೀಲಾ ಇಟಗೊಂಡ ಬಾಗಿಲದಾಗ ಕುಂತಿದ್ರು. ಈಗ ಗಾಡಿ ಸಪ್ಪಳ ಕೇಳಿ ನಾವೆಲ್ಲಾ ಬಂದ್ರು ಅಂದ್ವಿ. 'ಅದು ನಮ್ಮ ಗಾಡಿ ಅಲ್ಲ' ಅಂತ ಹೇಳಿ ಈಗಷ್ಟ ಎದ್ದು ಒಳಗ ಹ್ವಾದ್ರು."

ಹಳೇ ಸಪ್ಪಳದಿಂದಲೇ ಅಕ್ಕ ನನ್ನನ್ನು ಗುರುತಿಸುವುದು ಅಂತ ಸೈಲೆನ್ಸರ್ ಕತ್ತರಿಸಿದ ದಿನ ನನಗೆ ಹೊಳೆದಿರಲಿಲ್ಲ.

ಅಕ್ಕ ಬಂದಳು. ಹಸಿರು ಬಳೆ, ಹೊಸ ಇಳಕಲ್ ಸೀರೆ. ನನ್ನನ್ನು ನೋಡಿ ಮುಖ ಅರಳಿತು, ಆಮೇಲೆ ಗಾಡಿಯನ್ನು ನೋಡಿದಳು. ಸುತ್ತ ಒಂದು ಸುತ್ತು ಬಂದಳು. ಟ್ಯಾಂಕಿನ ಮೇಲೆ ಕೈಯಾಡಿಸಿದಳು. ಸಾಲೆಯ ಮಕ್ಕಳ ಚಿತ್ರ ನೋಡುವಾಗಿನ ಹಾಗೆ ನಿಧಾನಕ್ಕೆ ನೋಡಿ, "ಛಲೋ ಮಾಡೀದಿ," ಅಂದಳು. ಹಿಂದಿನ ಉಬ್ಬಿನ ಹತ್ತಿರ ನಿಂತಳು.

"ತಮ್ಮಾ, ನಾ ಎಲ್ಲಿ ಕುಂದರ್ಲೋ?"

ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬರೀ ಕೇಳಿದಳು, ಜಾಗ ಎಲ್ಲೋ ಇರುತ್ತದೆ, ತನಗೆ ಕಾಣುತ್ತಿಲ್ಲ ಅಷ್ಟೇ ಅನ್ನುವ ಹಾಗೆ. ನಾನು ತಲೆ ತಗ್ಗಿಸಿದೆ. ಆಗ ಅವಳ ಕಣ್ಣಿಗೆ ಚಕ್ರದ ಬದಿಯ ಕಂಬಿ ಬಿತ್ತು.

"ಏ, ಸೀಟ ಇಲ್ಲ, ಸೀರಿ ಗಾರ್ಡ ಐತಿ!"

"ಬೋಲ್ಟ ಬರಲಿಲ್ಲ," ಅಂದೆ.

"ನಿನಗ ಬೋಲ್ಟ ಬರಲಿಲ್ಲ?" ಅಂತ ಅವಳು ನಕ್ಕಳು. ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು. ಅಕ್ಕನ ಗಂಡ, ನಮ್ಮ ಮಾಮಾ, ಒಳಗಿನಿಂದ ತಾಡಪತ್ರಿ ತಂದು, "ಗಾಡಿ ಇಲ್ಲೇ ಇರಲಿ ಬಿಡ್ರಿ, ನಾ ನೋಡ್ಕೋತೇನಿ. ಬಸ್ ಹಿಡೀರಿ, ಹೊತ್ತಾಗತೈತಿ," ಅಂದರು. ಅವರ ಒಳ್ಳೆಯತನದ ಮೇಲೆ ಅವತ್ತು ಮೊದಲನೇ ಸಲ ನನಗೆ ಸಿಟ್ಟು ಬರಲಿಲ್ಲ.

ಬಸ್ಸಿನ ತುಂಬ ತವರಿಗೆ ಹೊರಟವರು. ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಅಕ್ಕ ಕಿಟಕಿಗೆ, ನಾನು ಬಾಜೂಕ್ಕೆ. ಕೂತ ಕೂಡಲೇ ಅವಳು ನನ್ನ ಕಿವಿಗೆ ಬಾಯಿ ತಂದು ಜೋರಾಗಿ ಶುರುಮಾಡಿದಳು, ಹೊಸ ಸಾಲೆಯ ಸುದ್ದಿ, ಅಲ್ಲಿನ ಬಿಸಿಯೂಟದ ಸುದ್ದಿ, ಮಾಮಾಗೆ ಖಾರ ಆಗುವುದಿಲ್ಲ ಅನ್ನುವ ಸುದ್ದಿ. ಬಸ್ಸಿನಲ್ಲಿ ಗಾಳಿ ಇಲ್ಲ ಅನ್ನುವುದು ಅವಳಿಗೆ ಮರೆತುಹೋಗಿತ್ತು. ಹಿಂದಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನಾನು ಅವಳನ್ನು ನೋಡುತ್ತಿದ್ದೆ. ಮಾತಾಡುವಾಗ ಅವಳ ಹುಬ್ಬುಗಳು ಮೇಲೇರುತ್ತವೆ. ಖುಷಿಯ ಮಾತು ಬರುವ ಮುಂಚೆಯೇ ತುಟಿಗೆ ನಗು ಬಂದಿರುತ್ತದೆ. ಇಷ್ಟು ವರ್ಷ ಕೇಳಿದ ಮಾತಿಗೆ ಇಂಥ ಮುಖ ಇತ್ತು ಅಂತ ನನಗೆ ಗೊತ್ತಿರಲಿಲ್ಲ. ಮದುವೆಯ ಮಾತು ಹೇಳಿದ ಸಂಜೆಯೂ ಹೀಗೇ ಇದ್ದಿರಬೇಕು. ಹಬ್ಬ ಮುಗಿದ ಮೇಲೆ ಇಂಥದೇ ಬಸ್ಸಿನಲ್ಲಿ ಅವಳನ್ನು ಬಿಟ್ಟು, ತಾಡಪತ್ರಿ ತೆಗೆದು, ಆ ಒಂದೇ ಸೀಟಿನ ಮೇಲೆ ಒಬ್ಬನೇ ವಾಪಸು ಬರಬೇಕು ಅನ್ನುವುದು ತಲೆಯಲ್ಲಿತ್ತು. ಇರಲಿ ಅಂದುಕೊಂಡೆ.

ಘಟಪ್ರಭಾ ಹತ್ತಿರ ಬಂದಾಗ ಅವಳು ಮಾತು ನಡುವೆಯೇ ನಿಲ್ಲಿಸಿದಳು. ಡ್ರೈವರನ ಗಾಜಿನೊಳಗಿಂದ ಮುಂದಿನ ರಸ್ತೆ ಅವಳಿಗೆ ಪೂರ್ತಿ ಕಾಣುತ್ತಿತ್ತು. ನಾನು ಅವಳನ್ನೇ ನೋಡುತ್ತ ಕೂತಿದ್ದರಿಂದ ನನಗೆ ಕಾಣುತ್ತಿರಲಿಲ್ಲ. ಅವಳು ನನ್ನ ಹೆಗಲ ಮೇಲೆ ಕೈ ಇಟ್ಟಳು.

"ಹಂಪ್ ಬಂತು ತಮ್ಮಾ," ಅಂದಳು, "ಹಿಡಕೋ."

ನಾನು ಮುಂದಿನ ಕಂಬಿ ಹಿಡಿದುಕೊಂಡೆ.